ಹೊಳೆ ದಾಟಿದರೆ ತಪ್ಪಾಗುವ ಪೆಟ್ಟಿಗೆ

ಕಳೆದ ಸಂಕ್ರಾಂತಿಗೆ ನಮ್ಮ ಅಕ್ಕನ ಕಿರಿಮಗ ಅಮೆರಿಕದಿಂದ ಬಂದಿದ್ದ. ಮಕ್ಕಳಿಗೆ ಚಾಕೊಲೇಟು, ಅವರಮ್ಮನಿಗೆ ಬಿಪಿ ನೋಡುವ ಯಂತ್ರ, ನನಗೊಂದು ಪೆನ್ನು ಎಲ್ಲಾ ಹಂಚಿದ ಮೇಲೆ ಸೂಟ್‌ಕೇಸಿನ ತಳದಿಂದ ಟವೆಲಿನಲ್ಲಿ ಸುತ್ತಿದ್ದ ಒಂದು ಕರಿ ಪೆಟ್ಟಿಗೆ ತೆಗೆದು ಅವರಣ್ಣನ ಕೈಗಿಟ್ಟ. ಗಾತ್ರದಲ್ಲಿ ಎಲೆಅಡಿಕೆ ಡಬ್ಬಿಯಷ್ಟು. ಮುಂದುಗಡೆ ಒಂದು ಕೆಂಪು ದೀಪ, ಹಿಂದೆ ಒಂದು ವೈರು.

ಅಣ್ಣ ಟೆಂಪೊ ಓಡಿಸುವವನು. ಅಗಳಿ, ರೊಳ್ಳ ಕಡೆಯ ತರಕಾರಿ ತುಂಬಿಕೊಂಡು ಶಿರಾ, ತುಮಕೂರು ಮೇಲೆ ವಾರಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗುತ್ತಾನೆ. ಬೆಳಗಿನ ಜಾವ ಮಾರ್ಕೆಟ್ಟಿಗೆ ಮುಟ್ಟದಿದ್ದರೆ ಟೊಮೆಟೊಗೆ ರೇಟಿಲ್ಲ. ಹಾಗಾಗಿ ಕಾಲು ಆಕ್ಸಿಲರೇಟರ್ ಮೇಲೇ ಇರುತ್ತದೆ. ಅತಿವೇಗಕ್ಕೆ ದಂಡ ಕಟ್ಟಿ ಎನ್ನುವ ಸಂದೇಶಗಳು ಅವನ ಫೋನಿನಲ್ಲಿ ಸಾಲಾಗಿ ನಿಂತಿದ್ದವು.

"ಇದು ರಾಡಾರ್ ಡಿಟೆಕ್ಟರ್ ಮಾವ. ಪೊಲೀಸ್ನೋರು ವೇಗ ಅಳೆಯೋಕೆ ನಿಂತಿದ್ರೆ ಮುಂಚೇನೇ ಕೂಗಿ ಹೇಳ್ತೈತೆ" ಎಂದ ಕಿರಿಯವನು.

"ಇದಕ್ಕೆ ಕಾನೂನು ಒಪ್ತೈತೇನೋ?" ಎಂದೆ.

"ನಮ್ಮನೆ ಇರೋ ಕಡೆ ಒಪ್ತೈತೆ ಮಾವ, ಕೆಲಸ ಇರೋ ಕಡೆ ಒಪ್ಪಲ್ಲ" ಎಂದು ನಕ್ಕ.

ಆ ನಗುವಿನ ಹಿಂದೆ ಒಂದು ಕಥೆ ಇತ್ತು. ಗಡಿನಾಡಿನವರಾದ ನಮಗೆ ಚೆನ್ನಾಗಿ ಅರ್ಥವಾಗುವ ಕಥೆ.

ಹೊಳೆ ಆಚೆ, ಹೊಳೆ ಈಚೆ

ಅವನ ಮನೆ ಮೇರಿಲ್ಯಾಂಡ್ ರಾಜ್ಯದಲ್ಲಿ, ಕೆಲಸ ವರ್ಜೀನಿಯಾ ರಾಜ್ಯದಲ್ಲಿ. ನಡುವೆ ಪೊಟೊಮ್ಯಾಕ್ ಎಂಬ ದೊಡ್ಡ ಹೊಳೆ. ಮೇರಿಲ್ಯಾಂಡಿನಲ್ಲಿ ಸ್ವಂತ ಕಾರಿನೊಳಗೆ ಈ ಪೆಟ್ಟಿಗೆ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಹೊಳೆ ದಾಟಿದರೆ ಅದೇ ಪೆಟ್ಟಿಗೆ ತಪ್ಪು. ಅಲ್ಲೇ ಪಕ್ಕದ ರಾಜಧಾನಿ ವಾಷಿಂಗ್ಟನ್ ನಗರದಲ್ಲೂ ತಪ್ಪು. ನೀವು ವೇಗವಾಗಿ ಹೋದಿರೋ ಇಲ್ಲವೋ ಎಂದು ವರ್ಜೀನಿಯಾದ ಕಾನೂನು ನೋಡುವುದಿಲ್ಲ, ಗಾಡಿಯಲ್ಲಿ ಪೆಟ್ಟಿಗೆ ಇದ್ದರೆ ಸಾಕು. ವೈರು ಕಿತ್ತು, ಕೈಗೆ ಸಿಗದ ಜಾಗದಲ್ಲಿ ಇಟ್ಟಿದ್ದರೆ ಮಾತ್ರ ಬಿಡುತ್ತಾರೆ.

ಹಾಗಾಗಿ ಇವನು ದಿನಾ ಬೆಳಿಗ್ಗೆ ಸೇತುವೆಗೆ ಮುಂಚೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ವೈರು ಕಿತ್ತು, ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕುತ್ತಿದ್ದ. ಸಂಜೆ ವಾಪಸ್ ದಾಟಿದ ಮೇಲೆ ಮತ್ತೆ ಗಾಜಿಗೆ ಅಂಟಿಸುತ್ತಿದ್ದ. ಒಂದು ಮಳೆ ದಿನ ಮರೆತ. ಅವತ್ತೇ ಸಿಕ್ಕಿಬಿದ್ದ, ದಂಡ ಕಟ್ಟಿದ. ಆಮೇಲೆ ಬೇಜಾರಾಗಿ ಊರಿಗೆ ತಂದ.

ಕೇಳಿದಾಗ ನನಗೆ 1995 ನೆನಪಾಯಿತು. ಆ ವರ್ಷ ಜನವರಿಯಲ್ಲಿ ಆಂಧ್ರದಲ್ಲಿ ಸಂಪೂರ್ಣ ಪಾನನಿಷೇಧ ಬಂತು, 1997ರವರೆಗೂ ಇತ್ತು. ನಮ್ಮ ಮಡಕಶಿರಾ ಸೀಮೆಗೆ ಹೆಚ್ಚು ಕಡೆ ಕರ್ನಾಟಕವೇ ನೆರೆ. ಗಡಿ ಕಲ್ಲಿನ ಆಚೆ ಬಾಟಲಿ ವ್ಯಾಪಾರ, ಈಚೆ ಬಾಟಲಿ ಕೇಸು. ಹೊಲದ ಒಂದು ತೆವರಿನ ಮೇಲೆ ಕುಡಿದವನು ಇನ್ನೊಂದು ತೆವರಿಗೆ ಬರುವಾಗ ಬಾಯಿ ತೊಳೆದುಕೊಂಡು ಬರುತ್ತಿದ್ದ. ನೆಲ ಒಂದೇ, ಕಾನೂನು ಎರಡು. ನಾವು ಅದರಲ್ಲೇ ಬೆಳೆದವರು.

ಕೂಗುವುದು ಹೇಗೆ?

ರೈಲು ಹತ್ತಿರ ಬರುವಾಗ ಸೀಟಿಯ ದನಿ ಸಣ್ಣಗೆ ಏರಿ ಕೇಳುತ್ತದೆ, ದಾಟಿ ಹೋದ ಮೇಲೆ ದಪ್ಪಗಾಗುತ್ತದೆ. ಪೊಲೀಸರ ರಾಡಾರ್ ಗನ್ನಿನ ಗುಟ್ಟೂ ಇದೇ. ಅದು ಬಿಡುವ ರೇಡಿಯೊ ಅಲೆ ಗಾಡಿಗೆ ಬಡಿದು ವಾಪಸ್ ಬರುವಾಗ ಅದರ ಕಂಪನ ಸ್ವಲ್ಪ ಏರಿರುತ್ತದೆ. ಅಲ್ಲಿ ಹೆಚ್ಚಾಗಿ ಬಳಸುವ ಒಂದು ಬಗೆಯ ಗನ್ನಿನ ಅಲೆ ಸೆಕೆಂಡಿಗೆ 2,415 ಕೋಟಿ ಸಲ ಕಂಪಿಸುತ್ತದೆ. ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಬರುತ್ತಿದ್ದರೆ ವಾಪಸ್ ಬರುವ ಅಲೆಯಲ್ಲಿ ಸುಮಾರು 4,470 ಕಂಪನ ಹೆಚ್ಚು. ಆ ಹೆಚ್ಚಳವನ್ನು ಲೆಕ್ಕ ಹಾಕಿ ಗನ್ನು ವೇಗ ಹೇಳುತ್ತದೆ.

ಅಲೆ ಗಾಡಿಗೆ ಮಾತ್ರ ಬಡಿಯುವುದಿಲ್ಲ, ರಸ್ತೆಯುದ್ದಕ್ಕೂ ಚೆಲ್ಲುತ್ತದೆ. ಆ ಚೆಲ್ಲಿದ್ದನ್ನು ದೂರದಿಂದಲೇ ಹಿಡಿದು ಕೂಗುವುದು ಡಿಟೆಕ್ಟರಿನ ಕೆಲಸ. ಅದು ಒಂದು ರೇಡಿಯೊ ಇದ್ದಂತೆ, ಕೇಳುತ್ತದೆ ಅಷ್ಟೆ. ಆದರೆ ಕೇಳಲು ಅದರೊಳಗೇ ಒಂದು ಸಣ್ಣ ಅಲೆ ಹುಟ್ಟಬೇಕು, ಅದು ಹೊರಗೂ ಸೋರುತ್ತದೆ. ಆ ಸೋರಿಕೆಯನ್ನು ಹಿಡಿಯುವ ಇನ್ನೊಂದು ಯಂತ್ರವನ್ನು ಅಲ್ಲಿನ ಪೊಲೀಸರು ಇಟ್ಟುಕೊಂಡಿರುತ್ತಾರೆ. ಕದ್ದು ಕೇಳುವವನು ಕೆಮ್ಮಿ ಸಿಕ್ಕಿಬಿದ್ದ ಹಾಗೆ.

ಅಮೆರಿಕದಲ್ಲಿ ಈ ಪೆಟ್ಟಿಗೆಗೆ ಗಿರಾಕಿ ಹೆಚ್ಚಿದ್ದಕ್ಕೂ ಕಾರಣವುಂಟು. 1973ರ ತೈಲ ಬಿಕ್ಕಟ್ಟಿನ ನಂತರ ಎಣ್ಣೆ ಉಳಿಸಲೆಂದು 1974ರಲ್ಲಿ ಇಡೀ ದೇಶಕ್ಕೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗದ ಮಿತಿ ಹಾಕಿದರು. ನೇರವಾದ ಅಗಲ ರಸ್ತೆಯಲ್ಲಿ ಅಷ್ಟು ನಿಧಾನ ಹೋಗಲು ಡ್ರೈವರುಗಳಿಗೆ ಮನಸ್ಸಿಲ್ಲ. ಪೆಟ್ಟಿಗೆಗಳು ಬಿಸಿ ದೋಸೆಯಂತೆ ಖರ್ಚಾದವು. ಆ ಮಿತಿ 1995ರಲ್ಲಿ ಹೋಯಿತು, ಪೆಟ್ಟಿಗೆ ಉಳಿಯಿತು. ಆದರೆ ಸುಮಾರು 4,500 ಕಿಲೊಗಿಂತ ಭಾರದ ವ್ಯಾಪಾರಿ ಲಾರಿಗಳಲ್ಲಿ ಇದನ್ನು 1994ರಿಂದ ಇಡೀ ದೇಶದಲ್ಲೇ ನಿಷೇಧಿಸಿದ್ದಾರೆ. ಕೆನಡಾದಲ್ಲಿ ಮೂರು ಪ್ರಾಂತ್ಯ ಬಿಟ್ಟರೆ ಬೇರೆ ಪ್ರಾಂತ್ಯಗಳಲ್ಲಿ ಇಲ್ಲ. ಜರ್ಮನಿಯಲ್ಲಿ ಓಡಿಸುವವನು ಬಳಸುವಂತಿಲ್ಲ, ಸ್ವಿಟ್ಜರ್ಲೆಂಡಿನಲ್ಲೂ ನಿಷೇಧ.

ಇದರ ಪರವಾಗಿ ಮಾತಾಡುವವರು "ಗಾಳಿಯಲ್ಲಿ ಬರುವ ಅಲೆ ಯಾರಪ್ಪನ ಆಸ್ತಿಯೂ ಅಲ್ಲ, ಕೇಳಿಸಿಕೊಂಡರೆ ತಪ್ಪೇನು?" ಎನ್ನುತ್ತಾರೆ. "ಕೂಗಿದಾಗ ನಿಧಾನ ಮಾಡುತ್ತಾರಲ್ಲ, ಅದೇ ಒಳ್ಳೆಯದಲ್ಲವೆ?" ಎಂದೂ ಕೇಳುತ್ತಾರೆ. ವಿರೋಧಿಸುವವರ ಮಾತು ಒಂದೇ: ಪೊಲೀಸನಿಲ್ಲದ ಕಡೆ ಓಡಿಸಲಿಕ್ಕೆ ತಾನೇ ಅದನ್ನು ಕೊಂಡದ್ದು?

ನಮ್ಮ ಕಾಯ್ದೆಯಲ್ಲಿ

ನಮ್ಮ ಕಡೆ ಏನು ಎಂದು ಯಾರನ್ನು ಕೇಳಿದರೂ "ಅಂಥದ್ದೇನೂ ಇಲ್ಲ ಬಿಡಿ" ಎಂದರು. ಮೋಟಾರು ವಾಹನ ಕಾಯ್ದೆಯಲ್ಲಿ ಈ ಪೆಟ್ಟಿಗೆಯ ಹೆಸರಿಲ್ಲ, ನಿಜ. ಹೆಸರಿಲ್ಲ ಎಂದರೆ ಒಪ್ಪಿಗೆ ಇದೆ ಎಂದಲ್ಲ. ನಿಸ್ತಂತು ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕು ಎಂಬುದು 1933ರ ಕಾಯ್ದೆಯಿಂದ ಬಂದ ಮಾತು. ರೇಡಿಯೊ ಉಪಕರಣಕ್ಕೆ ಸರ್ಕಾರದ ಅನುಮತಿಯ ಮಾತು 2023ರ ದೂರಸಂಪರ್ಕ ಕಾಯ್ದೆಯಲ್ಲೂ ಇದೆ. ಇನ್ನು ಅಲೆಯನ್ನು ಕೆಡಿಸುವ ಜಾಮರ್ ಎಂಬುದು ಬೇರೆ ಜಾತಿ. ಇದು ಕೇಳುತ್ತದೆ, ಅದು ಅಡ್ಡಿ ಮಾಡುತ್ತದೆ. ದೂರಸಂಪರ್ಕ ತಡೆಯುವ ಉಪಕರಣವನ್ನು ಅನುಮತಿಯಿಲ್ಲದೆ ಬಳಸುವುದನ್ನು ಅದೇ 2023ರ ಕಾಯ್ದೆ ನೇರವಾಗಿಯೇ ನಿಷೇಧಿಸಿದೆ. ಎರಡನ್ನೂ ಒಂದೇ ಎಂದುಕೊಂಡು ಯಾರಾದರೂ ಮಾರಲು ಬಂದರೆ ಹುಷಾರು.

ಅತಿವೇಗದ ಕಲಮು 183. 2019ರ ತಿದ್ದುಪಡಿಯಾದ ಮೇಲೆ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ. ಅದೇ ಕಲಮಿನಲ್ಲಿ ಡ್ರೈವರಿನ ಪರವಾಗಿಯೂ ಒಂದು ಮಾತಿದೆ. "ನನಗೆ ವೇಗ ಹೆಚ್ಚಿತ್ತು ಅನ್ನಿಸಿತು" ಎಂದು ಒಬ್ಬ ಸಾಕ್ಷಿ ಹೇಳಿದರೆ ಸಾಲದು, ಯಂತ್ರದಿಂದ ಅಳೆದ ಆಧಾರ ಬೇಕು. 2021ರ ನಿಯಮದ ಪ್ರಕಾರ ಕ್ಯಾಮೆರಾ ಇಟ್ಟ ರಸ್ತೆಗೆ ಮುಂಚೆಯೇ ಎದ್ದು ಕಾಣುವ ಎಚ್ಚರಿಕೆ ಫಲಕ ಹಾಕಬೇಕು, ತಪ್ಪಾದ 15 ದಿನದೊಳಗೆ ನೋಟಿಸು ಕಳಿಸಬೇಕು. ಅಂದರೆ ಸರ್ಕಾರವೇ ಪುಕ್ಕಟೆ ಡಿಟೆಕ್ಟರ್ ನೆಟ್ಟಿರುತ್ತದೆ. ಫಲಕ ಓದಿದರೆ ಸಾಕು.

ಅಷ್ಟೆಲ್ಲಾ ಹೇಳಿದರೂ ದೊಡ್ಡವನು ಪೆಟ್ಟಿಗೆ ಕಟ್ಟಿಸಿಯೇ ಬಿಟ್ಟ. ಮೊದಲ ದಿನವೇ ಅದು ತುಮಕೂರಿನಲ್ಲಿ ತಾನಾಗಿ ತೆರೆಯುವ ಬಾಗಿಲಿನ ಅಂಗಡಿ ಮುಂದೆ ಕೂಗಿತು. ಪಕ್ಕದಲ್ಲಿ ಹೊಸ ಕಾರು ಬಂದರೂ ಕೂಗುತ್ತಿತ್ತು. ಅಂಥ ಬಾಗಿಲು, ಅಂಥ ಕಾರುಗಳಲ್ಲೂ ಅದೇ ಬಗೆಯ ಅಲೆ ಇರುತ್ತದಂತೆ. ಎರಡನೇ ವಾರದಲ್ಲಿ ಹೆದ್ದಾರಿಯ 80ರ ಫಲಕದ ಹತ್ತಿರ 94ರಲ್ಲಿ ಹೋದ. ಪೆಟ್ಟಿಗೆ ಕೂಗಿತು, ಇವನು ಬ್ರೇಕ್ ಒತ್ತಿದ, ಆದರೂ ನೋಟಿಸು ಬಂತು. ಅಲ್ಲಿದ್ದದ್ದು ಲೇಸರ್ ಗನ್ನು. ಅದರ ಬೆಳಕು 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರ್ ಅಗಲವಷ್ಟೇ ಇರುತ್ತದೆ, ರಸ್ತೆಯುದ್ದಕ್ಕೂ ಚೆಲ್ಲುವುದಿಲ್ಲ. ನಮ್ಮ ಗಾಡಿಗೆ ಬಿದ್ದಾಗ ಪೆಟ್ಟಿಗೆ ಕೂಗಿತು ಎಂದರೆ ವೇಗ ಬರೆದುಕೊಂಡಾಯಿತು ಎಂದೇ ಅರ್ಥ. ಎದುರು ಬರುವ ಲಾರಿಯವನು ಹೆಡ್‌ಲೈಟ್ ಮಿಟುಕಿಸಿ ಹೇಳುವ ನಮ್ಮ ಹಳೇ ಪದ್ಧತಿಯೇ ಇದಕ್ಕಿಂತ ವಾಸಿ ಎಂದು ಅವನೇ ಬೈದುಕೊಂಡ. ಆದರೂ ಬಿಚ್ಚಿಸಲಿಲ್ಲ.

ಕೂಗದ ದಿನ

ಬಿಚ್ಚಿಸಿದ್ದು ಮಾರ್ಚಿಯಲ್ಲಿ. ಸರಕು ಇಳಿಸಿ ಖಾಲಿ ಟೆಂಪೊದಲ್ಲಿ ಬರುತ್ತಿದ್ದ. ಶಿರಾ ದಾಟಿ ನಮ್ಮ ಗಡಿಯೊಳಗೆ ಬಂದ ಮೇಲೆ ಪೊಲೀಸರೂ ಇಲ್ಲ, ಕ್ಯಾಮೆರಾವೂ ಇಲ್ಲ. ಪೆಟ್ಟಿಗೆ ತೆಪ್ಪಗಿತ್ತು. ತೆಪ್ಪಗಿದೆ ಎಂಬ ಧೈರ್ಯದಲ್ಲಿ 90ರ ಹತ್ತಿರ ಇದ್ದ. ಹುಣಸೆ ಮರಗಳ ತಿರುವಿನಲ್ಲಿ ಕುರಿ ಹಿಂಡು ರಸ್ತೆ ದಾಟುತ್ತಿತ್ತು.

ಆಮೇಲೆ ನಾನು ಲೆಕ್ಕ ಹಾಕಿದೆ. ಒಣ ರಸ್ತೆ, ಒಳ್ಳೆ ಬ್ರೇಕು, ಕಣ್ಣಿಗೆ ಬಿದ್ದು ಕಾಲು ಒತ್ತಲು ಒಂದು ಸೆಕೆಂಡು. 60ರಲ್ಲಿ ಹೋಗುವ ಗಾಡಿ ಸುಮಾರು 37 ಮೀಟರಿನಲ್ಲಿ ನಿಲ್ಲುತ್ತದೆ. 90ರಲ್ಲಿ ಸುಮಾರು 70 ಮೀಟರ್ ಬೇಕು. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟು. ಆ ತಿರುವಿನಲ್ಲಿ ಅಷ್ಟು ಜಾಗ ಇರಲಿಲ್ಲ. ಎರಡು ಕುರಿ ಸತ್ತವು. ಕುರಿಗಳ ಹಿಂದೆ ಮೂರು ಮಾರು ದೂರದಲ್ಲಿ ಕೋಲು ಹಿಡಿದು ಏಳು ವರ್ಷದ ಹುಡುಗ ನಿಂತಿದ್ದ. ಅವನ ಅಜ್ಜಿ ಹೊಲದಿಂದ ಓಡಿ ಬಂದಳು.

ನನಗೆ ಫೋನು ಬಂದು ನಾನು ಹೋಗುವ ಹೊತ್ತಿಗೆ ಜನ ಸೇರಿದ್ದರು. ಗಾಜಿಗೆ ಅಂಟಿದ್ದ ದೀಪ ನೋಡಿ ಯಾರೋ ಅದೇನು ಎಂದು ಕೇಳಿದರು. ಇವನು ನಡುಗುವ ದನಿಯಲ್ಲಿ ಇದ್ದದ್ದನ್ನು ಇದ್ದಂಗೆ ಹೇಳಿದ. ಅಜ್ಜಿ ಬೈಯಲಿಲ್ಲ. ತೆಲುಗಿನಲ್ಲಿ ಒಂದೇ ಮಾತು ಕೇಳಿದಳು: "ಪೋಲೀಸೋಳ್ಳನಿ ಚೂಸ್ತೇ ಅರುಸ್ತುಂದಿ ಸರೇ, ಮಮ್ಮಲ್ನಿ ಚೂಸ್ತೇ ಅರವದಾ ನಾಯನಾ ನೀ ಡಬ್ಬಾ?" ಪೊಲೀಸರನ್ನು ಕಂಡರೆ ಕೂಗ್ತದೆ ಸರಿ, ನಮ್ಮನ್ನು ಕಂಡರೆ ಕೂಗಲ್ವೇನಪ್ಪಾ ನಿನ್ನ ಡಬ್ಬ?

ಮೂವತ್ತು ವರ್ಷದಿಂದ ಎರಡು ಭಾಷೆಯಲ್ಲಿ ಪದ್ಯ ಬರೆಯುತ್ತಿದ್ದೇನೆ. ಅಷ್ಟು ನೇರವಾದ ಸಾಲು ನನಗೆ ಯಾವ ಭಾಷೆಯಲ್ಲೂ ಬಂದಿಲ್ಲ.

ಎರಡು ಕುರಿಗೆ 22 ಸಾವಿರ ಕೊಟ್ಟು ಬಂದೆವು. ಹುಡುಗನಿಗೆ ಏನಾದರೂ ಆಗಿದ್ದರೆ ಯಾವ ಲೆಕ್ಕ? ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71 ಸಾವು ಅತಿವೇಗದ ಲೆಕ್ಕಕ್ಕೆ ಬರೆದಿದ್ದಾರೆ.

ಮಕ್ಕಳು ಹೊರದೇಶದಲ್ಲಿರುವ ಓದುಗರು ನಮ್ಮ ಗಡಿಯಲ್ಲೂ ಕಡಿಮೆಯಿಲ್ಲ. ಇಂಥ ಸಾಮಾನು ಕೊಳ್ಳುವ ಮುನ್ನ, ಕೊಂಡದ್ದನ್ನು ಗಡಿ ದಾಟಿಸುವ ಮುನ್ನ ಆ ರಾಜ್ಯದ ಕಾನೂನು ವಿಚಾರಿಸಲು ಹೇಳಿ. ಇಲ್ಲಿ ಗಾಡಿ ಓಡಿಸುವವರು ಫೋನಿಗೆ ಬಂದ ದಂಡದ ನೋಟಿಸನ್ನು ಸುಮ್ಮನೆ ಬಿಡಬೇಡಿ. ತಾರೀಕು, ಜಾಗ, ಅಳೆದ ವೇಗ ನೋಡಿ. ತಪ್ಪಿದ್ದರೆ ತಕರಾರು ಹಾಕಿ, ಸರಿಯಿದ್ದರೆ ಕಟ್ಟಿ. ಕಾನೂನು ಹೊಳೆಯ ಆಚೆ ಒಂದು, ಈಚೆ ಒಂದು ಇರಬಹುದು. ಗಾಡಿ ನಿಲ್ಲಲು ಬೇಕಾದ ಮೀಟರು ಎರಡೂ ದಡದಲ್ಲಿ ಒಂದೇ.

ಪೆಟ್ಟಿಗೆ ಈಗ ಅಕ್ಕನ ಮನೆ ಅಟ್ಟದ ಮೇಲೆ ಹಳೇ ಕೊಳಗದೊಳಗಿದೆ. ವೈರು ಕಿತ್ತಿದೆ, ಕೈಗೂ ಸಿಗುವುದಿಲ್ಲ. ವರ್ಜೀನಿಯಾದವರು ಬಂದು ನೋಡಿದರೂ ತಪ್ಪು ಹಿಡಿಯಲಾರರು.