ಕಾವಲು ನಾಯಿಯ ಮುಪ್ಪು

ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯ ಹಳೆಯ ಭಾಗವಾದ ಓಲ್ಡ್ ಟೌನಿನಲ್ಲಿಯೂ ಸುತ್ತಲಿನ ತೋಟದ ಮನೆಗಳಲ್ಲಿಯೂ ಕಾವಲಿಗೆ ನಾಯಿಯನ್ನು ಸಾಕುವುದು ರೂಢಿ. ಕರುವಿಗೆ ಕಾಯಿಲೆಯಾದರೆ ಆ ದಿನವೇ ವೈದ್ಯರನ್ನು ಕರೆತರುವ ಯಜಮಾನರು, 10 ವರ್ಷ ಬಾಗಿಲು ಕಾಯ್ದ ನಾಯಿಯು ಮೂಲೆ ಹಿಡಿದರೆ ಮಾತ್ರ ಮುಪ್ಪೆಂದು ಸುಮ್ಮನಾಗುತ್ತಾರೆ. ಮುಪ್ಪಿನ ಮರೆಯಲ್ಲಿ ಮದ್ದಿಗೆ ಬಗ್ಗುವ ರೋಗವು ಅಡಗಿರುವುದುಂಟು.

ನಾಯಿಗೆ 7-8 ವರ್ಷ ದಾಟಿದ ಮೇಲೆ ಅದು ಕುಡಿಯುವ ನೀರನ್ನು ಗಮನಿಸತಕ್ಕದ್ದು. ಬಾಯಾರಿಕೆಯೂ ಮೂತ್ರವೂ ಹೆಚ್ಚಿ ಮೈ ಇಳಿದರೆ ಮೂತ್ರಪಿಂಡದ ಬೇನೆಯನ್ನೋ ಸಿಹಿಮೂತ್ರವನ್ನೋ ಶಂಕಿಸಬೇಕು. ಹೆಣ್ಣುನಾಯಿಯು ಬೆದೆಗೆ ಬಂದ ಕೆಲವು ವಾರಗಳಲ್ಲಿ ಹೀಗಾಗಿ, ಅನ್ನ ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು; ಅದು ಹೊರಗೆ ಕಾಣದಿರುವುದೂ ಉಂಟು. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಉಪಾಯ. ಒಂದು ದಿನದ ತಡವೂ ಪ್ರಾಣಕ್ಕೆ ಎರವಾದೀತು.

ಕುಂಟುವ ನಾಯಿಗೆ ಮರುಕದಿಂದ ಮನುಷ್ಯರ ನೋವಿನ ಗುಳಿಗೆಯನ್ನು ಕೊಡುವವರುಂಟು. ಪ್ಯಾರಾಸಿಟಮಾಲ್ ಪಿತ್ತಜನಕಾಂಗವನ್ನೂ, ಐಬುಪ್ರೊಫೆನ್ ಜಠರ ಮತ್ತು ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ಮುದಿಯೆಂದು ಹುಚ್ಚುನಾಯಿ ರೋಗದ ವಾರ್ಷಿಕ ಚುಚ್ಚುಮದ್ದನ್ನು ಬಿಡಲಾಗದು. ಮನೆಯ ಮಕ್ಕಳು ಅದರೊಡನೆಯೇ ಆಡುವವರು.

ಸಮೀಪದ ಪಶು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಯ್ಯಬಹುದು. ಬೆಳಗಿನ ಮೂತ್ರವನ್ನು ಶುಚಿಯಾದ ಸೀಸೆಯಲ್ಲಿ ಹಿಡಿದು ಜೊತೆಗೆ ಕೊಂಡುಹೋಗುವುದು ಉತ್ತಮ.