‘ನಾನು’ ಮೂಡುವ ಹೊತ್ತು

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳಿದೊಡನೆ ಗಲಾಪಗಸ್ ದ್ವೀಪಗಳ ಆಮೆಗಳೂ ಹಕ್ಕಿಗಳೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಆತನು ಬಹುಕಾಲ ಕಣ್ಣಿಟ್ಟು ನೋಡಿದ ಜೀವಿಗಳಲ್ಲಿ ಒಂದು ಆತನ ಮನೆಯ ತೊಟ್ಟಿಲಲ್ಲಿಯೇ ಇದ್ದಿತು. 1839ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಜನಿಸಿದ ಚೊಚ್ಚಲ ಮಗ ವಿಲಿಯಮ್ಮನ ಅಳು, ನಗು, ಅಂಜಿಕೆ, ಮುನಿಸುಗಳನ್ನೆಲ್ಲ ತಂದೆಯು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟನು. 37 ವರ್ಷಗಳ ತರುವಾಯ, 1877ರಲ್ಲಿ, ಅವನ್ನು ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಲೇಖನರೂಪವಾಗಿ ಪ್ರಕಟಿಸಿದನು.

ಅದರಲ್ಲಿ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಬೇಕು. ಮಗುವಿಗೆ 6 ತಿಂಗಳು 11 ದಿನವಾಗಿದ್ದಾಗ ದಾದಿಯು ಅಳುವಂತೆ ನಟಿಸಿದಳು. ಮಗುವಿನ ಮುಖ ಬಾಡಿ, ತುಟಿಯ ಅಂಚುಗಳು ಕೆಳಕ್ಕೆ ಬಾಗಿದುವು. 2 ವರ್ಷ 3 ತಿಂಗಳಿನಲ್ಲಿ ಅದೇ ಹುಡುಗನು ತನ್ನಲ್ಲಿ ಉಳಿದಿದ್ದ ಶುಂಠಿರೊಟ್ಟಿಯ ಕೊನೆಯ ಚೂರನ್ನು ಪುಟ್ಟ ತಂಗಿಗೆ ಕೊಟ್ಟು, ತನ್ನ ಒಳ್ಳೆಯತನವನ್ನು ತಾನೇ ಗಟ್ಟಿಯಾಗಿ ಹೊಗಳಿಕೊಂಡನು! (ಲೇಖನದಲ್ಲಿ ತಂಗಿಯ ಹೆಸರಿಲ್ಲ. ಆಕೆ ಆನಿ, 1851ರಲ್ಲಿ, 10ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು.)

ಆ ಹೊಗಳಿಕೆಯನ್ನು ಓದಿ ನಗು ಬರುವುದು ಸಹಜ. ಆದರೆ ಅದರಲ್ಲಿಯೇ ಗುಟ್ಟಿದೆ. ಹಸುಗೂಸುಗಳಿರುವ ಕೊಠಡಿಯಲ್ಲಿ ಒಂದು ಅಳತೊಡಗಿದರೆ ಉಳಿದುವೂ ದನಿಗೂಡಿಸುವುದುಂಟು. ಅಲ್ಲಿ ದುಃಖವು ಅಂಟುಜಾಡ್ಯದಂತೆ ಹರಡುತ್ತದೆಯೇ ಹೊರತು ಯಾರ ದುಃಖ ಯಾರದೆಂಬ ವಿವೇಚನೆಯಿಲ್ಲ. ಎರಡು ವರ್ಷದ ಮಗುವಾದರೋ ‘ಅವಳು ಬೇರೆ, ನಾನು ಬೇರೆ, ಅವಳಿಗೆ ಬೇಕಾದುದು ನನ್ನ ಕೈಯಲ್ಲಿದೆ’ ಎಂಬುದನ್ನು ಅರಿತಿರುತ್ತದೆ.

ಈ ‘ನಾನು’ ಮೂಡುವುದೆಂದು? ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ವಿದುಷಿಯು 1972ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದುದು. ಮಗುವಿಗೆ ತಿಳಿಯದಂತೆ ಅದರ ಮೂಗಿಗೆ ಬಣ್ಣದ ಚುಕ್ಕೆಯಿಟ್ಟು ಕನ್ನಡಿಯ ಮುಂದೆ ಬಿಡುವುದು. ಸಣ್ಣ ಕೂಸು ಕನ್ನಡಿಯಲ್ಲಿ ಹೊಸ ಗೆಳೆಯನನ್ನು ಕಂಡಂತೆ ನಲಿಯುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ ಬಹುಮಂದಿ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ತುತ್ತನ್ನು ತಾನೇ ಕಲಸಬೇಕು, ಚಪ್ಪಲಿಯನ್ನು ತಾನೇ ಮೆಟ್ಟಬೇಕು ಎಂದು ಮಗುವು ತಾಯಿಯ ಕೈಯನ್ನು ತಳ್ಳುವ ಹಟದ ಕಾಲವೂ ಇದೇ. ಅನ್ನ ನೆಲಕ್ಕೆ ಚೆಲ್ಲಿತೆಂದು ಗದರುವ ಹಿರಿಯರು, ಅದೇ ವಾರ ಅದೇ ಮಗುವು ಕೆಮ್ಮುವ ಅಜ್ಜಿಗೆ ನೀರಿನ ಲೋಟವನ್ನು ಒಯ್ದುದನ್ನು ಗಮನಿಸಿರುವರೋ ಇಲ್ಲವೋ!

1997ರಲ್ಲಿ ಬೆಟ್ಟಿ ರೆಪಚೋಲಿ ಮತ್ತು ಆಲಿಸನ್ ಗೋಪ್ನಿಕ್ ಎಂಬ ವಿದುಷಿಯರು ಈ ಅರಿವನ್ನು ಬಲು ಜಾಣತನದಿಂದ ಅಳೆದರು. ಮಗುವಿನ ಮುಂದೆ ಎರಡು ಬಟ್ಟಲು: ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಬ್ರಾಕೊಲಿ ಎಂಬ ಹಸುರು ತರಕಾರಿ. ಮಕ್ಕಳಿಗೆ ಯಾವುದು ಪ್ರಿಯವೆಂದು ಹೇಳಬೇಕಾಗಿಲ್ಲವಷ್ಟೆ! ಪ್ರಯೋಗ ನಡೆಸುವಾಕೆಯು ಬಿಸ್ಕತ್ತನ್ನು ಕಚ್ಚಿ ಮುಖ ಹಿಂಡಿದಳು; ತರಕಾರಿಯನ್ನು ತಿಂದು ಹಿಗ್ಗಿದಳು; ಬಳಿಕ ‘ನನಗಿಷ್ಟು ಕೊಡು’ ಎಂದು ಕೈನೀಡಿದಳು. 14 ತಿಂಗಳಿನ ಮಕ್ಕಳು ತಮಗೆ ರುಚಿಸುವ ಬಿಸ್ಕತ್ತನ್ನೇ ಉದಾರವಾಗಿ ನೀಡಿದುವು. 18 ತಿಂಗಳಿನ ಮಕ್ಕಳು ಆಕೆಗೆ ಮೆಚ್ಚಾದ ತರಕಾರಿಯನ್ನು ಕೊಟ್ಟುವು. ನಡುವಣ ಅಂತರ ಕೇವಲ 4 ತಿಂಗಳು.

ಡೋರಿಸ್ ಬಿಶೋಫ್-ಕೋಲರ್ ಎಂಬವರು ಇವೆರಡು ಎಳೆಗಳನ್ನು ಹೆಣೆದರು. ಮಗುವಿನೊಡನೆ ಆಡುತ್ತಿದ್ದಾಕೆಯ ಕರಡಿಗೊಂಬೆಯ ತೋಳು ಕಳಚಿ ಬೀಳುತ್ತದೆ, ಆಕೆ ದುಃಖಿಸುತ್ತಾಳೆ. ನೆರವಿಗೆ ಮುಂದಾದವರು ಕನ್ನಡಿಯಲ್ಲಿ ತಮ್ಮನ್ನು ಗುರುತಿಸಿಕೊಳ್ಳಬಲ್ಲ ಮಕ್ಕಳು.

ಆದರೆ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಈ ನಿಯಮಕ್ಕೆ ತೊಡಕು ತಂದಿತು. ಬರ್ಲಿನ್ ಮತ್ತು ದೆಹಲಿಯ ಮಕ್ಕಳನ್ನು ಹೋಲಿಸಿದಾಗ, ಕನ್ನಡಿಯ ಅರಿವಿಗೂ ನೆರವಿಗೂ ಬರ್ಲಿನ್ನಿನಲ್ಲಿ ನಂಟು ಕಂಡಿತು; ದೆಹಲಿಯಲ್ಲಿ ಕಾಣಲಿಲ್ಲ. ಹತ್ತು ಜನರ ನಡುವೆ ತೋಳಿನಿಂದ ತೋಳಿಗೆ ದಾಟುತ್ತ ಬೆಳೆಯುವ ಮಗುವು ಮರುಕವನ್ನು ಬೇರೊಂದು ದಾರಿಯಿಂದಲೂ ಕಲಿಯುವುದೆಂದು ನನಗೆ ತೋರುತ್ತದೆ.

ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವ ವಾಚಕರು ಚುಕ್ಕೆಯ ಪ್ರಯೋಗವನ್ನು ತಾವೇ ಮಾಡಿ, ದಿನಾಂಕವನ್ನು ಗುರುತು ಹಾಕಿಕೊಳ್ಳಬಹುದು. ಚುಕ್ಕೆಯನ್ನು ಮೂಗಿಗೇ ಇಡಬೇಕು. ಹಣೆಯ ಬೊಟ್ಟು ನಮ್ಮ ಮಕ್ಕಳಿಗೆ ಹೊಸದಲ್ಲ.