ಬಾನೆಟ್ಟಿನಡಿಯ ಮೈಲುತುತ್ತ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋಟೊ ಕಳಿಸಿ ಪ್ರಶ್ನೆ ಕೇಳಿದ್ದಾರೆ. ಮಳೆಗಾಲವಿಡೀ ಶೆಡ್ಡಿನಲ್ಲೇ ನಿಂತಿದ್ದ ಡೀಸೆಲ್ ಜೀಪು. ಬಾನೆಟ್ ಎತ್ತಿದರೆ ಬ್ಯಾಟರಿಯ ಪ್ಲಸ್ ಟರ್ಮಿನಲ್ಲೇ ಕಾಣುವುದಿಲ್ಲ. ಅದರ ಮೇಲೆ ನೀಲಿ-ಹಸಿರು ಪುಡಿ ಹೂಕೋಸಿನ ಹಾಗೆ ಅರಳಿ ಕೂತಿದೆ. ‘ಹಾರ್ನ್ ಆಗುತ್ತೆ, ಲೈಟ್ ಉರಿಯುತ್ತೆ, ಸೆಲ್ಫ್ ಮಾತ್ರ ಎತ್ತುತ್ತಿಲ್ಲ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂತಾರೆ ಗ್ಯಾರೇಜಿನವರು. ಈ ಪುಡಿ ಏನು? ಬ್ಯಾಟರಿ ನಿಜವಾಗಿಯೂ ಹೋಗಿದೆಯಾ?’

ಎರಡನೆಯ ಪ್ರಶ್ನೆಗೆ ಆಮೇಲೆ ಬರೋಣ. ಮೊದಲನೆಯದಕ್ಕೆ ಉತ್ತರ ಅವರ ಮನೆಯ ಔಷಧಿ ಡಬ್ಬದಲ್ಲೇ ಇದೆ. ಅದು ಮೈಲುತುತ್ತ! ಸುಣ್ಣದ ಜೊತೆ ಬೆರೆಸಿ ಅಡಿಕೆ ಗೊನೆಗೆ ಹೊಡೆಯುವ ಅದೇ ತುತ್ತ. ರಸಾಯನಶಾಸ್ತ್ರದ ಹೆಸರು ತಾಮ್ರದ ಸಲ್ಫೇಟ್. ನಾವು ದುಡ್ಡು ಕೊಟ್ಟು ತರುವ ಪದಾರ್ಥವನ್ನು ಜೀಪು ತಾನಾಗಿ ತಯಾರಿಸಿಕೊಂಡಿದೆ. ತಾಮ್ರ ಬಂದದ್ದು ಕೇಬಲ್ಲಿನಿಂದ, ಕ್ಲಾಂಪಿನ ಹಿತ್ತಾಳೆಯಿಂದ. ಸಲ್ಫೇಟ್ ಬಂದದ್ದು ಬ್ಯಾಟರಿಯೊಳಗಿನ ಗಂಧಕಾಮ್ಲದಿಂದ. ನಡುವೆ ಅಲ್ಲಲ್ಲಿ ಬೂದುಬಿಳಿ ಕಾಣುತ್ತದಲ್ಲ, ಅದು ಸೀಸದ ಸಲ್ಫೇಟ್. ಟರ್ಮಿನಲ್ಲಿನ ಗೂಟವನ್ನೇ ಆಮ್ಲ ತಿಂದು ಆದದ್ದು. ನೀಲಿ ಪುಡಿ ನೀರಿನಲ್ಲಿ ಕರಗುತ್ತದೆ, ಬಿಳಿಯದು ಕರಗುವುದೇ ಇಲ್ಲವೆನ್ನಬಹುದು. ಎರಡೂ ವಿಷವೇ. ದಯವಿಟ್ಟು ಬಾಯಿಂದ ಊದಿ ತೆಗೆಯಬೇಡಿ.

ಹೈಸ್ಕೂಲಿನ ರಸಾಯನಶಾಸ್ತ್ರವನ್ನು ಮರೆಯದವರು ಇಲ್ಲಿ ಕೈ ಎತ್ತುತ್ತಾರೆ. ನೀರು ಬೆರೆತ ಗಂಧಕಾಮ್ಲಕ್ಕೆ ಸತು ಹಾಕಿದರೆ ಗುಳ್ಳೆ ಏಳುತ್ತದೆ, ತಾಮ್ರ ಹಾಕಿದರೆ ಏನೂ ಆಗುವುದಿಲ್ಲ ಎಂದು ಮೇಷ್ಟ್ರು ಪ್ರಯೋಗ ಮಾಡಿಯೇ ತೋರಿಸಿದ್ದರು. ಹಾಗಾದರೆ ಬ್ಯಾಟರಿಯ ಮೇಲೆ ತಾಮ್ರ ಕರಗಿದ್ದು ಹೇಗೆ?

ಮೇಷ್ಟ್ರು ಹೇಳಿದ್ದು ಸರಿ. ಆಮ್ಲ ಒಂದೇ ಇದ್ದರೆ ತಾಮ್ರಕ್ಕೆ ಅದು ಏನೂ ಮಾಡಲಾರದು. ಆದರೆ ಬಾನೆಟ್ಟಿನೊಳಗೆ ಆಮ್ಲಕ್ಕೆ ಇಬ್ಬರು ಸಹಾಯಕರು ಸಿಗುತ್ತಾರೆ. ಒಂದು, ಗಾಳಿಯ ಆಮ್ಲಜನಕ. ಎರಡನೆಯದು ಖುದ್ದು ಬ್ಯಾಟರಿಯೇ. ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪ ಒಡೆದು ಹೈಡ್ರೋಜನ್, ಆಮ್ಲಜನಕ ಆಗುತ್ತದೆ. ಆ ಗುಳ್ಳೆಗಳು ಮೇಲೆ ಬಂದು ಒಡೆದಾಗ ಆಮ್ಲದ ಸಣ್ಣ ಹನಿಗಳು ಸಿಡಿದು, ಉಸಿರುಕಿಂಡಿಯಿಂದಲೋ ಗೂಟದ ಬುಡದ ಬಿರುಕಿನಿಂದಲೋ ಹೊರಬಂದು ಬ್ಯಾಟರಿಯ ನೆತ್ತಿಯ ಮೇಲೆ ಕೂರುತ್ತವೆ. ಗಂಧಕಾಮ್ಲ ಗಾಳಿಗೆ ಆರಿಹೋಗುವ ಜಾತಿಯದಲ್ಲ. ಬದಲಿಗೆ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳೆಂದರೆ ಅದಕ್ಕೆ ಹಬ್ಬ. ಹೀಗೆ ಪ್ಲಸ್ಸಿನಿಂದ ಮೈನಸ್ಸಿನವರೆಗೆ ಕಣ್ಣಿಗೆ ಕಾಣದ ಒದ್ದೆ ಪೊರೆಯೊಂದು ಹಬ್ಬಿ, ಅದರಲ್ಲಿ ಸಣ್ಣಗೆ ಕರೆಂಟು ಹರಿಯತೊಡಗುತ್ತದೆ. ಪ್ಲಸ್ ಕಡೆ ತಾಮ್ರದಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುವ ಕೆಲಸ, ಮೈನಸ್ ಕಡೆ ಕೊಡುವ ಕೆಲಸ. ಎಲೆಕ್ಟ್ರಾನು ಕಳೆದುಕೊಂಡ ತಾಮ್ರ ಆಮ್ಲಕ್ಕೆ ಸುಲಭದ ತುತ್ತು. ನೀಲಿ ಪುಡಿ ಹೆಚ್ಚಾಗಿ ಪ್ಲಸ್ ಟರ್ಮಿನಲ್ಲಿನಲ್ಲೇ ಕಾಣುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಬ್ಯಾಟರಿಯ ವಯಸ್ಸು. ಪ್ಲಸ್ ಕಡೆಯ ಸೀಸದ ಚೌಕಟ್ಟು ವರ್ಷಗಳು ಕಳೆದಂತೆ ಆಕ್ಸೈಡ್ ಆಗಿ ಉಬ್ಬುತ್ತದೆ, ಗೂಟವನ್ನು ಮೇಲಕ್ಕೆ ತಳ್ಳುತ್ತದೆ, ಬುಡದ ಸೀಲು ಬಿಡುತ್ತದೆ, ಆಮ್ಲ ಮೇಲೇರುತ್ತದೆ.

ತುತ್ತದ ಮಾತು ಬಂದಮೇಲೆ ತೋಟಕ್ಕೊಮ್ಮೆ ಹೋಗಿಬರದೆ ಇರಲು ನನ್ನಿಂದಾಗದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚುತ್ತಿದ್ದರು. ನೋಡಿದರೇ ವಿಷವೆನ್ನಿಸುವ ನೀಲಿ! ಆ ಸಾಲಿನ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನೇ ಔಷಧಿಯೆಂದು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೊಡೆಯಲು ಹೇಳಿಕೊಟ್ಟರು. 1 ಕಿಲೊ ತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ.

ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಬೆಳೆಗಾರರು ಏನು ಮಾಡುತ್ತಾರೆ? ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಕೆಂಪು ಅಪ್ಪಟ ತಾಮ್ರ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಹಾಕಿರುತ್ತದೆ. ಲ್ಯಾಬಿಲ್ಲ, ಪಿಎಚ್ ಕಾಗದವಿಲ್ಲ, ಕತ್ತಿಯೇ ಉಪಕರಣ. ಈಗ ಜೀಪಿನ ಕ್ಲಾಂಪಿನ ಬೋಲ್ಟನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತುಕ್ಕಿನ ಕಂದಿನ ಮಧ್ಯೆ ಕೆಲವೊಮ್ಮೆ ಹೊಸ ಪೈಸೆಯ ಹಾಗೆ ಹೊಳೆಯುವ ಕೆಂಪು ಪಟ್ಟೆ ಸಿಗುತ್ತದೆ. ಕತ್ತಿಯ ಮೇಲೆ ನಡೆದದ್ದೇ ಬೋಲ್ಟಿನ ಮೇಲೂ ನಡೆದಿದೆ. ಬೋಲ್ಟು ತನ್ನ ಕಬ್ಬಿಣ ಕೊಟ್ಟು ತಾಮ್ರ ಪಡೆದಿದೆ. ನಾನು ಇದನ್ನು ಮೊದಲು ನೋಡಿದಾಗ ಬೋಲ್ಟು ಒರೆಸಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಗ್ಯಾರೇಜಿನ ಹುಡುಗ ವಿಚಿತ್ರವಾಗಿ ನೋಡಿದ.

ಇನ್ನು ಹಾರ್ನ್ ಆಗುತ್ತೆ, ಸೆಲ್ಫ್ ಎತ್ತಲ್ಲ ಎಂಬ ಒಗಟು. ಗೂಟಕ್ಕೂ ಕ್ಲಾಂಪಿಗೂ ನಡುವೆ ಈ ಪುಡಿ ನುಗ್ಗಿ 0.02 ಓಮ್ ಅಡಚಣೆ ಉಂಟುಮಾಡಿದೆ ಎನ್ನಿ. ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಎರಡು ಹೆಡ್‌ಲೈಟು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. 10ನ್ನು 0.02ರಿಂದ ಗುಣಿಸಿದರೆ ನಷ್ಟ ಬರೀ 0.2 ವೋಲ್ಟ್. ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಜೀಪಿನ ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯಲು ಹೊರಟಿತೋ, ಅದೇ ಪುಡಿಯಲ್ಲಿ 4 ವೋಲ್ಟ್ ಮಾಯ. 12 ವೋಲ್ಟಿನ ಬ್ಯಾಟರಿಯಲ್ಲಿ ನಾಲ್ಕು ಟರ್ಮಿನಲ್ಲಿನಲ್ಲೇ ಹೋದರೆ ಮೋಟಾರು ‘ಕಟ್’ ಎಂದು ಸುಮ್ಮನಾಗುತ್ತದೆ. ಕಳೆದುಹೋದ ಶಕ್ತಿಯೆಲ್ಲ ಶಾಖವಾಗುವುದರಿಂದ ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಕ್ಲಾಂಪು ಬಿಸಿಯಾಗಿರುತ್ತದೆ. ರಸ್ತೆಬದಿಯ ಮೆಕ್ಯಾನಿಕ್ಕುಗಳು ಸ್ಪ್ಯಾನರಿನಿಂದ ಟರ್ಮಿನಲ್ಲಿಗೆ ಎರಡೇಟು ಬಿಗಿದು ‘ಈಗ ಹೊಡೀರಿ’ ಎನ್ನುತ್ತಾರಲ್ಲ, ಗಾಡಿ ಸ್ಟಾರ್ಟೂ ಆಗುತ್ತದಲ್ಲ, ಅದು ಮಂತ್ರವಲ್ಲ. ಏಟಿಗೆ ಪುಡಿಯ ಪದರ ಒಡೆದು ಲೋಹಕ್ಕೆ ಲೋಹ ತಗಲುತ್ತದೆ. ಆದರೆ ಅದೇ ಏಟಿಗೆ ಗೂಟದ ಸೀಲೂ ಸಡಿಲಾಗಿ, ಮುಂದಿನ ಮಳೆಗಾಲಕ್ಕೆ ಪುಡಿ ದುಪ್ಪಟ್ಟಾಗುತ್ತದೆ.

ಪರೀಕ್ಷೆ ಸುಲಭ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಗೂಟದ ನೆತ್ತಿಗೆ, ಇನ್ನೊಂದನ್ನು ಅದೇ ಗೂಟದ ಕ್ಲಾಂಪಿಗೆ ಇಟ್ಟು, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಸೊನ್ನೆಯ ಆಸುಪಾಸು ತೋರಿಸಬೇಕು. ಒಂದು ವೋಲ್ಟು, ಎರಡು ವೋಲ್ಟು ತೋರಿಸಿದರೆ ಮೊದಲ ತಪ್ಪಿತಸ್ಥ ಪುಡಿ. ಅದನ್ನು ತೆಗೆಯುವ ಮುಂಚೆ ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಡುವುದು ಅನ್ಯಾಯ. ಸಾವಿರಾರು ರೂಪಾಯಿಯ ಬ್ಯಾಟರಿ ಕೊಂಡು ಅದೇ ಹಳೆಯ ಕ್ಲಾಂಪಿಗೆ ಸಿಕ್ಕಿಸಿಕೊಂಡು ಬಂದವರನ್ನು ನಾನು ಬಲ್ಲೆ.

ತೆಗೆಯುವುದು ಹೇಗೆ? ಇಲ್ಲೇ ನಮ್ಮವರ ಅಚ್ಚುಮೆಚ್ಚಿನ ತಪ್ಪು ಕಲ್ಪನೆ ಅಡ್ಡ ಬರುತ್ತದೆ. ತಾಮ್ರದ ಚೊಂಬಿಗೆ ಹುಣಸೆಹಣ್ಣು ತಾನೇ, ಇದಕ್ಕೂ ಅದೇ ಎಂದು ಹುಣಸೆಹಣ್ಣು, ನಿಂಬೆಹಣ್ಣು ತಿಕ್ಕುತ್ತಾರೆ. ಪೇಟೆಯವರಾದರೆ ಕೋಲಾ ಸುರಿಯುತ್ತಾರೆ. ಎಲ್ಲವೂ ಆಮ್ಲವೇ. ಪುಡಿ ಕರಗುವುದು ನಿಜ. ಆದರೆ ಆಮ್ಲದ ಕಾಟಕ್ಕೆ ಇನ್ನಷ್ಟು ಆಮ್ಲ ಹುಯ್ದ ಹಾಗಾಯಿತು, ಜೊತೆಗೆ ಸಕ್ಕರೆಯ ಅಂಟು ಬೇರೆ. ಬರೀ ಬಿಸಿನೀರು ಹೊಯ್ದರೂ ನೀಲಿ ಕರಗುತ್ತದೆ, ಆದರೆ ಆಮ್ಲ ಆಮ್ಲವಾಗಿಯೇ ಕೆಳಗಿಳಿದು ಬ್ಯಾಟರಿ ಕೂತ ತಟ್ಟೆಯ ತಗಡು ತಿನ್ನುತ್ತದೆ. ಬೇಕಾದದ್ದು ಕ್ಷಾರ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಸಾಕು. ಹಳೆ ಟೂತ್‌ಬ್ರಷ್ಷಿನಿಂದ ಹಚ್ಚಿದರೆ ಬುಸುಬುಸು ನೊರೆ ಬರುತ್ತದೆ. ನೊರೆ ನಿಂತಿತೆಂದರೆ ಆಮ್ಲ ಮುಗಿಯಿತು. ಸುಣ್ಣದ ನೀರೂ ಆದೀತಲ್ಲ ಎಂದು ತೋಟದವರು ಕೇಳಬಹುದು. ಆಮ್ಲ ಸಾಯುವುದು ನಿಜ, ಆದರೆ ಅಲ್ಲೇ ಜಿಪ್ಸಂ ಗಟ್ಟಿಯಾಗಿ ಕೂರುತ್ತದೆ, ಸೋಡಾವೇ ಮೇಲು. ಸೋಡಾ ನೀರು ಮುಚ್ಚಳದೊಳಗೆ ಮಾತ್ರ ಇಳಿಯಬಾರದು, ಅಲ್ಲಿ ಆಮ್ಲ ಬೇಕು.

ಬಿಚ್ಚುವಾಗ ಮೈನಸ್ ಮೊದಲು. ಗಾಡಿಯ ಬಾಡಿಗೆ ಮೈನಸ್ ಜೋಡಿಸಿರುವುದರಿಂದ ಮೊದಲೇ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ತುದಿ ಬಾಡಿಗೆ ತಗುಲಿದರೆ ಸ್ಪ್ಯಾನರೇ ಕೆಂಪಗೆ ಕಾಯಬಹುದು. ಕಿಡಿ ಹಾರಿದರೆ ಇನ್ನೂ ಕೆಟ್ಟದು. ಗಾಳಿಯಲ್ಲಿ ಶೇಕಡಾ 4 ಹೈಡ್ರೋಜನ್ ಇದ್ದರೂ ಹೊತ್ತಿಕೊಳ್ಳುತ್ತದೆ. ಬೀಡಿ ಸೇದುತ್ತಾ ಬ್ಯಾಟರಿ ಮುಚ್ಚಳ ತೆಗೆಯುವವರು ಇದನ್ನು ಎರಡು ಸಲ ಓದಿ. ತೊಳೆದು, ಒಣಗಿಸಿ, ಗೂಟವನ್ನೂ ಕ್ಲಾಂಪಿನ ಒಳಮೈಯನ್ನೂ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಈಗ ಪ್ಲಸ್ ಮೊದಲು, ಮೈನಸ್ ಕೊನೆಗೆ ಹಾಕಿ ಬಿಗಿ ಮಾಡಿ. ವ್ಯಾಸಲೀನೋ ಗ್ರೀಸೋ ಆಮೇಲೆ, ಹೊರಮೈಗೆ.

ಕೆಲವೇ ವಾರಗಳಲ್ಲಿ ಪುಡಿ ಮತ್ತೆ ಬಂದರೆ ಸೀಲು ಬಿಟ್ಟಿದೆ, ಇಲ್ಲವೆ ಚಾರ್ಜಿಂಗ್ ಹೆಚ್ಚಾಗಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ಒಳಗೆ ಕುದಿಯುತ್ತಿದೆ ಎಂದೇ ಲೆಕ್ಕ. ಬಂಪರಿಗೆ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರು ಸರಿಹೋಗುವುದಿಲ್ಲ. ಆಯುಧಪೂಜೆಗೆ ಬ್ಯಾಟರಿಯ ನೆತ್ತಿಗೂ ಅರಿಸಿನ-ಕುಂಕುಮ ಹಚ್ಚಿ, ಮೇಲೆ ತೀರ್ಥ ಪ್ರೋಕ್ಷಿಸಿ, ವಾರದ ನಂತರ ಗಾಡಿಗೆ ದೃಷ್ಟಿ ತಾಗಿದೆ ಎಂದು ಗೋಳಾಡುವವರಿದ್ದಾರೆ. ಭಕ್ತಿಯನ್ನು ಬಾನೆಟ್ಟಿನ ಹೊರಗೆ ತೋರಿಸಿದರೆ ಸಾಕು, ಒಳಗೆ ಒಣಬಟ್ಟೆ ಆಡಿಸಿ.

ಇದಕ್ಕಿಂತ ದೊಡ್ಡ ಮೂಢನಂಬಿಕೆ, ಮಟ್ಟ ಇಳಿದಾಗ ‘ಆಸಿಡ್ ಕಮ್ಮಿಯಾಗಿದೆ’ ಎಂದು ಆಸಿಡ್ ತುಂಬುವುದು. ಆರಿಹೋದದ್ದು ಬಹುತೇಕ ನೀರು ಮಾತ್ರ. ಆಮ್ಲ ಒಳಗೇ ಇದೆ. ಮೇಲೆ ಮತ್ತೆ ಆಸಿಡ್ ಸುರಿದರೆ ಪ್ಲೇಟುಗಳು ಬೇಗ ಸವೆದುಹೋಗುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡ. ಬ್ಯಾಟರಿ ಮಗುಚಿ ಆಮ್ಲವೇ ಚೆಲ್ಲಿದ್ದರೆ ಮಾತು ಬೇರೆ, ಆಗ ಹೈಡ್ರೋಮೀಟರ್ ಇರುವವರಲ್ಲಿಗೆ ಒಯ್ಯಿರಿ. ಈ ಕೆಲಸಕ್ಕೆ ಒಳ್ಳೆಯ ಪಂಚೆ ಉಟ್ಟು ಹೋಗಬೇಡಿ. ಹತ್ತಿಬಟ್ಟೆಗೆ ಬಿದ್ದ ಹನಿ ಆಗ ಏನೂ ಮಾಡುವುದಿಲ್ಲ. ನೀರು ಆರಿದಂತೆ ಆಮ್ಲ ಖಾರವಾಗುತ್ತಾ ನೂಲನ್ನು ಒಳಗೊಳಗೇ ತಿನ್ನುತ್ತದೆ. ಮುಂದಿನ ಸಲ ಒಗೆದಾಗ ತೂತು ಕಾಣುತ್ತದೆ, ಬೈಗುಳ ಒಗೆದವರಿಗೆ. ಚರ್ಮಕ್ಕೆ ಬಿದ್ದರೆ ಧಾರಾಳ ನೀರು, ಕಣ್ಣಿಗೆ ಬಿದ್ದರೆ ಧಾರಾಳ ನೀರು ಮತ್ತು ತಕ್ಷಣ ಆಸ್ಪತ್ರೆ.

ಇಷ್ಟೆಲ್ಲ ಮಾಡಿಯೂ ಸೆಲ್ಫ್ ಎತ್ತದಿದ್ದರೆ ಬ್ಯಾಟರಿ ನಿಜವಾಗಿಯೂ ಮುಗಿದಿರಬಹುದು. ಹಾಗಾದರೆ ಹಳೆಯದನ್ನು ಗುಜರಿಯವನಿಗೆ ಕೊಡಬೇಡಿ. ಅದರ ಆಮ್ಲ ಚರಂಡಿಗೆ, ಸೀಸ ಯಾರದೋ ಹಿತ್ತಲಿನ ಒಲೆಗೆ ಹೋಗುತ್ತದೆ. ಸೀಸದ ಹೊಗೆ ಮಕ್ಕಳ ಮಿದುಳನ್ನು ಕುಗ್ಗಿಸುತ್ತದೆ. ಬ್ಯಾಟರಿ ತಯಾರಕರು ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳುತ್ತವೆ. ಹೊಸ ಬ್ಯಾಟರಿ ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಬಿಲ್ಲಿನಲ್ಲಿ ಅದರ ಬೆಲೆ ಕಳೆಸಿಕೊಂಡು ಬನ್ನಿ.